ಕಾಲರ್ ರಾಣಿ ತಲೆ ಎತ್ತಿದಾಗ

“ಆ ಮಷೀನ್ ಮೇಲಿಂದ ಕೈ ತೆಗೀರಿ!”

ಹೊಲಿಗೆ ವಿಭಾಗದ ಅಷ್ಟೂ ತಲೆಗಳು ಒಟ್ಟಿಗೆ ತಿರುಗಿದವು. ಕೂಗಿದ್ದು ಯಾರು? ಬಾಯಿದ್ದೂ ಮೂಕಿಯಂತಿದ್ದ ನಮ್ಮ ಕಾಲರ್ ರಾಣಿಯೇ?

ಹೌದು, ಅವಳೇ! ತನ್ನ ಗಂಟಲಿನಿಂದ ಅಷ್ಟು ಜೋರು ದನಿ ಹೊರಟಿದ್ದನ್ನು ಅವಳೇ ನಂಬಲಿಲ್ಲ.

ನೆಲದ ಮೇಲೆ ಮಂಡಿಯೂರಿ ಬೋಲ್ಟ್ ಬಿಚ್ಚುತ್ತಿದ್ದ ಮೆಕ್ಯಾನಿಕ್ ನಿಧಾನಕ್ಕೆ ಮುಖ ಎತ್ತಿದ. ಕೈಯಲ್ಲಿ ಸ್ಪ್ಯಾನರ್, ಕೆನ್ನೆಯ ಮೇಲೆ ಎಣ್ಣೆಯ ಗೀಟು, ತುಟಿಯಂಚಿನಲ್ಲಿ ನಗು.

“ಪರವಾಗಿಲ್ಲ ಮೇಡಂ, ದನಿ ಗಟ್ಟಿಯಾಗೇ ಇದೆ! ಸೂಪರ್‌ವೈಸರ್ ಆಗಿದೀರಲ್ಲ, ಲೈನಲ್ಲೂ ಒಂಚೂರು ಬಳಸಿ.”

“ನನ್ನ ಮಷೀನ್ ಯಾಕೆ ಬಿಚ್ತಾ ಇದೀರ?”

“ಸೂಪರ್‌ವೈಸರ್‌ಗೆ ಮಷೀನ್ ಯಾಕೆ?”

ಎಂದವನೇ ಅದನ್ನು ತಳ್ಳುಗಾಡಿಗೆ ಹತ್ತಿಸಿ ವರ್ಕ್‌ಶಾಪಿನ ಕಡೆ ಹೊರಟೇಬಿಟ್ಟ.

ಎಂಥಾ ಕೊಬ್ಬು!

ಅವಳ ಸಂಕಟ ಅವಳಿಗೇ ಗೊತ್ತು. ಶರ್ಟಿನ ಕಾಲರ್ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಕಾರ್ಖಾನೆಯಲ್ಲಿ ಇರಲಿಲ್ಲ. ಅದಕ್ಕೇ ಆ ಅಡ್ಡಹೆಸರು. ಆ ಕೈಚಳಕ ನೋಡಿಯೇ ಮ್ಯಾನೇಜರ್ ಅವಳನ್ನು ಕಾಲರ್ ಹೊಲಿಯುವ ಮಷೀನುಗಳ ಸಾಲಿಗೆ, ಅಂದರೆ ಕಾಲರ್ ಲೈನಿಗೆ, ಸೂಪರ್‌ವೈಸರ್ ಮಾಡಿದ್ದರು. ಶುರುವಾಯಿತು ನೋಡಿ ಫಜೀತಿ! ತಪ್ಪು ಕಣ್ಣಿಗೆ ಬೀಳುತ್ತಿತ್ತು, ಹೇಳಲು ನಾಲಗೆ ಏಳುತ್ತಿರಲಿಲ್ಲ. ಅದರಲ್ಲೂ ದೊಡ್ಡಮ್ಮನಿಗೆ...

ದೊಡ್ಡಮ್ಮ ಎಂದರೆ ಲೈನಿನ ಹಿರಿಯ ಹೆಂಗಸು. ಎಲ್ಲರೂ ಹಾಗೇ ಕರೆಯುವುದು. ನಮ್ಮ ರಾಣಿಗೆ ಈ ಕೆಲಸ ಕಲಿಸಿದ್ದೇ ಅವರು. ಈಚೆಗೆ ಅವರು ಹೊಲಿದ ಕಾಲರಿನ ಒಂದು ತುದಿ ಗಿಡ್ಡ, ಇನ್ನೊಂದು ಉದ್ದ. ಗುರುವಿಗೆ ತಪ್ಪು ಹೇಳುವುದುಂಟೇ? ಊಟಕ್ಕೆಂದು ಎಲ್ಲರೂ ಎದ್ದು ಹೋದ ಮೇಲೆ ಇವಳು ಕದ್ದು ಕೂತು, ಅವನ್ನೆಲ್ಲ ಬಿಚ್ಚಿ ಮತ್ತೆ ಹೊಲಿದಿಡುತ್ತಿದ್ದಳು. ಊಟದ ಡಬ್ಬಿ ತುಂಬಿದಂತೆಯೇ ಮನೆಗೆ ವಾಪಸ್ಸಾಗುತ್ತಿತ್ತು.

ಈಗ ಮಷೀನೇ ಇಲ್ಲ! ಬೇರೆಯವರ ಮಷೀನ್ ಮುಟ್ಟಿದರೆ ಗುಟ್ಟು ರಟ್ಟಾಗುತ್ತದೆ.

“ಮ್ಯಾನೇಜರ್ ತೆಗೆಸಿದ್ದಲ್ಲ ಕಣೇ, ಆ ಮೆಕ್ಯಾನಿಕ್ಕೇ ಹೋಗಿ ಕೇಳಿದನಂತೆ,” ಎಂದು ದೊಡ್ಡಮ್ಮ ಕಿವಿಯಲ್ಲಿ ಊದಿದರು.

‘ನನ್ನ ಕಂಡರೆ ಅವನಿಗೇನು ಹೊಟ್ಟೆಯುರಿ? ನಾನು ಲಾಯಕ್ಕಿಲ್ಲ ಅಂತ ಊರಿಗೆಲ್ಲ ಸಾರಬೇಕಾ?’ ಅವಳ ಮೈ ಉರಿಯಿತು. ಇಷ್ಟಾದರೂ ಆ ನಗು ಯಾಕೆ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ? ಥೂ!

ಸಾಲದ್ದಕ್ಕೆ ಸಂಜೆ ಮ್ಯಾನೇಜರ್ ಇನ್ನೊಂದು ಸುದ್ದಿ ತಂದರು. ನಾಳೆ ಮಧ್ಯಾಹ್ನ ಶರ್ಟು ಕೊಳ್ಳುವ ಕಂಪನಿಯವರು ಬರುತ್ತಾರೆ. ಲೈನಿನ ಪಕ್ಕದಲ್ಲೇ ನಿಂತು, ಮಷೀನಿನಿಂದ ಇಳಿದ ಕಾಲರನ್ನು ಅಲ್ಲೇ ಪರೀಕ್ಷೆ ಮಾಡುತ್ತಾರೆ.

ಇನ್ನು ಕದ್ದು ಸರಿ ಮಾಡುವ ದಾರಿಯೂ ಇಲ್ಲ!

ಮನೆಯಲ್ಲಿ ವಿಷಯ ಕೇಳಿ ಅಕ್ಕ ತಲೆ ಸವರಿದಳು. ತಾಯಿಯಂತೆ ಸಾಕಿದ ಅಕ್ಕ. “ನೀನು ತಲೆ ಬಗ್ಗಿಸಿ ದುಡಿಯೋಳು ಪುಟ್ಟಿ. ಈ ಅಧಿಕಾರದ ಉಸಾಬರಿ ನಮಗ್ಯಾಕೆ? ಬೇಡ ಅಂತ ಹೇಳಿಬಿಡು.”

ಅದೇ ಸರಿ ಎನ್ನಿಸಿತು. ಬೆಳಿಗ್ಗೆ ಮ್ಯಾನೇಜರ್ ಕೋಣೆಗೆ ಹೊರಟವಳು ದಾರಿಯಲ್ಲಿ ವರ್ಕ್‌ಶಾಪಿಗೆ ನುಗ್ಗಿದಳು. ಮೂಲೆಯಲ್ಲಿ ಅವಳ ಮಷೀನು ಫಳಫಳ ಹೊಳೆಯುತ್ತಿತ್ತು.

“ನನ್ನ ಮಷೀನ್ ವಾಪಸ್ ಕೊಡಿ. ಸೂಪರ್‌ವೈಸರ್ ಕೆಲಸ ಬಿಡ್ತಾ ಇದೀನಿ. ನಾನು ಹೊಲಿಯೋಳು... ಹೊಲಿಸೋಳಲ್ಲ. ಅದಕ್ಕೆ ನಾನು ಲಾಯಕ್ಕಿಲ್ಲ, ಈಗ ಸಮಾಧಾನ ಆಯ್ತಾ ನಿಮಗೆ?”

ಅವನ ನಗು ಮಾಯವಾಯಿತು.

“ಕೊಡ್ತೀನಿ, ಈಗಲೇ. ಆದ್ರೆ ಒಂದು ಕೇಳ್ಲಾ? ತಮ್ಮ ಕಾಲರ್ ಸೊಟ್ಟ ಬರ್ತಿದೆ ಅಂತ ದೊಡ್ಡಮ್ಮನಿಗೆ ಗೊತ್ತಾ?”

ಅವಳು ಬೆಚ್ಚಿದಳು. ಇವನಿಗೆ ಹೇಗೆ ಗೊತ್ತು?

“ಹೇಗೆ ಹೇಳಲಿ? ಅವರಿಗೆ ನೋವಾಗಲ್ವಾ?”

“ನೀವು ಹೇಳಿದ್ರೆ ಇವತ್ತು ನೋವಾಗುತ್ತೆ, ಅಷ್ಟೆ. ಮಧ್ಯಾಹ್ನ ಹೊರಗಿನವರು ಹೇಳಿದ್ರೆ ಅವರ ಕೆಲಸಾನೇ ಹೋಗುತ್ತೆ. ಆಮೇಲೆ, ಲಾಯಕ್ಕಿಲ್ಲ ಅಂತ ನಿಮಗೆ ಹೇಳಿದ್ಯಾರು? ನಾನಂತೂ ಅಲ್ಲ.”

ಹೇಳಿದ್ದು ಯಾರು? ಅಕ್ಕನೂ ಅಲ್ಲ, ಅಕ್ಕ ಹೆದರಿದ್ದಳು, ಅಷ್ಟೆ. ದಿನಾ ಬೆಳಿಗ್ಗೆ ತನಗೆ ತಾನೇ ಹಾಗೆ ಹೇಳಿಕೊಳ್ಳುತ್ತಿದ್ದವಳು ಅವಳೇ!

ಕಾಲುಗಳು ಮ್ಯಾನೇಜರ್ ಕೋಣೆಯ ಕಡೆ ಹೋಗಲಿಲ್ಲ. ಲೈನಿಗೆ ಬಂದವು.

“ದೊಡ್ಡಮ್ಮಾ... ಇದನ್ನ ಬಿಚ್ಚಬೇಕು. ಎಡಗಡೆ ತುದಿ ಉದ್ದ ಬಂದಿದೆ.”

ಪಕ್ಕದ ಮಷೀನುಗಳು ನಿಂತವು. ದೊಡ್ಡಮ್ಮ ದುರುಗುಟ್ಟಿ ನೋಡಿದರು.

“ಎಷ್ಟು ದಿನದಿಂದ ಹೀಗೆ?”

“ನಾನು ಸೂಪರ್‌ವೈಸರ್ ಆದಾಗಿನಿಂದ. ಊಟದ ಹೊತ್ತಲ್ಲಿ ನಾನೇ ಸರಿ ಮಾಡ್ತಿದ್ದೆ.”

“ಅಯ್ಯೋ ಪೆದ್ದೇ! ಹೊಟ್ಟೆಗೆ ತಿನ್ನದೆ? ಬಾಯಿ ಬಿಟ್ಟು ಹೇಳೋಕೇನು ಧಾಡಿ ನಿನಗೆ?” ದೊಡ್ಡಮ್ಮನ ಕಣ್ಣು ತುಂಬಿತು. ಚೀಲ ತಡಕಾಡಿ ಹೊಸ ಕನ್ನಡಕ ತೆಗೆದರು. “ಹಾಕ್ಕೊಂಡ್ರೆ ಮುದುಕಿ ಅಂತೀರಲ್ಲಾ ಅಂತ ಮುಚ್ಚಿಟ್ಟಿದ್ದೆ ಕಣೇ!”

ಲೈನಿಗೆ ಲೈನೇ ಘೊಳ್ಳೆಂದು ನಕ್ಕಿತು. ಅವಳೂ ನಕ್ಕಳು. ಎದೆಯ ಮೇಲಿನ ಬಂಡೆ ಸರಿದಂತಾಯಿತು.

“ಎಲ್ಲರೂ ಇಲ್ಲಿ ನೋಡಿ,” ಎಂದಳು. ಈ ಸಲ ದನಿ ನಡುಗಲಿಲ್ಲ. “ಹೊಲಿದ ಕಾಲರನ್ನ ಒಳಹೊರಗು ತಿರುಗಿಸೋ ಮೊದಲು ಮಧ್ಯಕ್ಕೆ ಮಡಚಿ, ಎರಡೂ ತುದಿ ಕೂಡಿಸಿ ನೋಡಿ. ಕೂಡದಿದ್ರೆ ಮುಂದಕ್ಕೆ ಕಳಿಸಬೇಡಿ, ನನ್ನ ಕರೀರಿ.”

ಮಧ್ಯಾಹ್ನ ಕಂಪನಿಯವರು ಬಂದು ನಿಂತರು. ಅವರು ಕೈ ಹಾಕುವ ಮೊದಲೇ ಅವಳು ಒಂದು ಕಾಲರ್ ಎತ್ತಿ ನೋಡಿ, ಎಲ್ಲರ ಎದುರೇ ಹಿಂದಕ್ಕೆ ಕೊಟ್ಟಳು. “ಇದು ಆಗಲ್ಲ, ಬಿಚ್ಚಿ.”

ಮ್ಯಾನೇಜರ್ ಬೆವರೊರೆಸಿಕೊಂಡರು. ಬಂದವರಲ್ಲಿ ಹಿರಿಯರು ಮಾತ್ರ ನಕ್ಕುಬಿಟ್ಟರು. “ಇಂಥ ಕಣ್ಣು ಇಲ್ಲಿರೋವಾಗ ನಮಗೇನು ಕೆಲಸ? ಆರ್ಡರ್ ನಿಮಗೇ ಕೊಡೋಣ.”

ಸಂಜೆ ಮಷೀನುಗಳ ಸದ್ದು ಅಡಗಿದ ಮೇಲೆ ಅವಳು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಳು.

“ಮಷೀನ್ ತಗೊಂಡು ಹೋಗೋಕೆ ಬಂದ್ರಾ?” ಅವನ ದನಿ ಸಪ್ಪಗಿತ್ತು.

“ಇಲ್ಲ. ಅದನ್ನ ಹೊಸದಾಗಿ ಸೇರಿದ ಹುಡುಗಿಗೆ ಕೊಡಿ. ಸೂಪರ್‌ವೈಸರ್‌ಗೆ ಮಷೀನ್ ಯಾಕೆ?”

ಅವನ ಮುಖ ಅರಳಿತು.

“ನಿಜ ಹೇಳಿ,” ಎಂದಳು. “ನಾನು ಕದ್ದು ಹೊಲಿಯೋದು ನಿಮಗೆ ಹೇಗೆ ಗೊತ್ತಾಯ್ತು?”

ಅವನು ಕತ್ತಿನ ಹಿಂದೆ ಕೆರೆದುಕೊಂಡ. “ಊಟದ ಹೊತ್ತಿಗೆ ದಿನಾ ಡಬ್ಬಿ ಹಿಡ್ಕೊಂಡು ಬರ್ತಿದ್ದೆ... ಜೊತೆಗೆ ಊಟ ಮಾಡೋಣ ಅಂತ ಕೇಳೋಕೆ. ನೀವು ದೊಡ್ಡಮ್ಮನ ಕಾಲರ್ ಬಿಚ್ಚಿ ಹೊಲೀತಾ ತಲೇನೇ ಎತ್ತುತ್ತಿರಲಿಲ್ಲ. ಒಂದಿನ ಎದುರಿಗೇ ನಿಂತೆ. ‘ನೂಲು ಖಾಲಿ’ ಅಂದ್ರಿ. ತಂದುಕೊಟ್ಟೆ!”

“ಅಯ್ಯಯ್ಯೋ! ಅದು ನೀವಾ?”

“ನಾನೇ. ಮಷೀನ್ ತೆಗೆಸಿದ್ದು ನಿಮ್ಮ ಒಳ್ಳೇದಕ್ಕೆ ಅಂತ ದೊಡ್ಡ ಮಾತಾಡಲ್ಲ. ಅರ್ಧ ನನ್ನ ಸ್ವಾರ್ಥ. ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ... ಹೊಲಿದ್ರೂ, ಹೊಲಿಸಿದ್ರೂ.”

ಹಳೆಯ ಅಭ್ಯಾಸ, ಅವಳ ಕಣ್ಣು ನೆಲಕ್ಕಿಳಿಯಿತು. ಮರುಕ್ಷಣವೇ ತಲೆ ಎತ್ತಿ ಅವನ ಕಣ್ಣಲ್ಲಿ ಕಣ್ಣಿಟ್ಟಳು.

“ನನಗೂ ನೀವು ಇಷ್ಟ!”

ದನಿ ಸ್ವಲ್ಪ ಜೋರೇ ಆಯಿತು. “ಕೇಳಿಸ್ತು ಕಣೇ!” ಎಂದು ಗೇಟಿನ ಕಡೆಯಿಂದ ದೊಡ್ಡಮ್ಮ ಕೂಗಿದರು.

ಅವನು ನಗುತ್ತಲೇ ಮೆಲ್ಲಗೆ ಕೇಳಿದ, “ನಿಮ್ಮ ಅಕ್ಕನ ಹತ್ರ ಯಾರು ಮಾತಾಡೋದು? ನನಗೆ ಹೆದರಿಕೆಯಪ್ಪ.”

“ನಾನೇ ಮಾತಾಡ್ತೀನಿ. ನೀವು ಸುಮ್ನೆ ಪಕ್ಕದಲ್ಲಿ ನಿಂತ್ಕೊಳ್ಳಿ, ಸಾಕು.”

“ಸರಿ ಮೇಡಂ.”

“ಮೇಡಂ ಅಲ್ಲ...”

“ಮತ್ತೇನು?”

“ನಾಳೆ ಊಟಕ್ಕೆ ಬನ್ನಿ, ಹೇಳ್ತೀನಿ.”