ಹಬೆಯೊಳಗೆ ಎತ್ತಿದ ಕೈಗಳು

"ಮುಟ್ಟಿ ನೋಡಿ ಗುಂಡಿ ಒತ್ತಪ್ಪ," ಎಂದಳು ನೆಲ ತೊಳೆಯುವ ಬಕೆಟ್ ಅಕ್ಕ. "ಕಣ್ಣಿಗೆ ಕಂಡ್ರೆ ಸಾಲಲ್ಲ."

ಮಾಂಸ ಅರೆಯುವ ಯಂತ್ರಕ್ಕೆ ಹೊಸದಾಗಿ ಬಂದಿದ್ದ ಆಪರೇಟರ್ ನಕ್ಕುಬಿಟ್ಟ. ಅಲ್ಲಿ ತೊಳೆಯುವ ಕ್ರಮವೇ ವಿಚಿತ್ರವಾಗಿತ್ತು. ಕ್ಲೀನರ್ ಯಂತ್ರದ ಗಂಟಲಿಗೆ ಭುಜದವರೆಗೆ ತೋಳು ತೂರಿಸಿ, ದೊಡ್ಡ ಉಕ್ಕಿನ ಸುರುಳಿಗೆ ಅಂಟಿದ ಕೊಬ್ಬನ್ನು ಕೆರೆಯಬೇಕು. ಒಂದು ಮಗ್ಗುಲು ಮುಗಿದ ಮೇಲೆ ಕೈ ತೆಗೆಯಬೇಕು. ಆಗ ಆಪರೇಟರ್ ಗುಂಡಿ ಒತ್ತಿ ಸುರುಳಿಯನ್ನು ತುಸು ತಿರುಗಿಸಿ ನಿಲ್ಲಿಸಬೇಕು. ಆದರೆ ಒತ್ತುವ ಮುಂಚೆ ಪ್ರತಿ ಸಲವೂ ಎದ್ದು ಹೋಗಿ ಕ್ಲೀನರನ ಎರಡೂ ಕೈ ಹಿಡಿದು ನೋಡಿ ಬರಬೇಕಂತೆ.

"ಗಳಿಗೆಗೊಂದು ಸಲ ಕೈ ಹಿಡಿಯೋಕೆ ಅವನೇನು ನನ್ನ ಹೆಂಡ್ತಿನಾ ಅಕ್ಕಾ?"

ಕ್ಲೀನರನ ಕೈಗವಸು ತೊಡುತ್ತಿದ್ದ ಆಪರೇಟರನ ತಮ್ಮನೂ ಕಿಸಕ್ಕನೆ ನಕ್ಕ. ಅವನನ್ನು ಈ ಕೆಲಸಕ್ಕೆ ಸೇರಿಸಿದ್ದೇ ಅಣ್ಣ. ಹೊರಡುವಾಗ ಅಮ್ಮ ಒಂದೇ ಮಾತು ಹೇಳಿದ್ದಳು: ಹೋದ ಹಾಗೇ ಅವನನ್ನ ವಾಪಸ್ ಕರ್ಕೊಂಡು ಬಾ.

ಅಕ್ಕ ನಗದೆ ಹಳೆಯದನ್ನು ಹೇಳಿದಳು. ಹಿಂದೊಬ್ಬ ಆಪರೇಟರ್ ನೋಡದೆ ಗುಂಡಿ ಒತ್ತಿ, ತೊಳೆಯುತ್ತಿದ್ದ ಹೆಂಗಸಿನ ತೋಳು ಹೋಗಿತ್ತು. ಅವಳ ತಾಯಿ ಬಂದು, ಮಗಳ ಕೂದಲು ಸುತ್ತಿದ ಮೇಣದ ಗೊಂಬೆಯನ್ನು ಯಂತ್ರದ ಬುಡದ ಬಿರುಕಿಗೆ ತುರುಕಿ, ಉಸಿರು ಬಿಡದೆ ಏನೋ ಮಣಮಣಿಸಿ ಹೋಗಿದ್ದಳು. ಅಂದಿನಿಂದ ಹಬೆ ಎದ್ದಾಗ ಯಾರದ್ದೂ ಅಲ್ಲದ ಕೈಗಳು ಕಾಣುತ್ತವೆ.

"ದೆವ್ವಕ್ಕೂ ಹಾಜರಿ ಹಾಕ್ತಾರಾ ಇಲ್ಲಿ?" ಎಂದ ಆಪರೇಟರ್ ತಮ್ಮನತ್ತ ತಿರುಗಿದ. "ಲೋ, ಒಂದು ಮಗ್ಗುಲು ಆದ ತಕ್ಷಣ ಎರಡೂ ಕೈ ಎತ್ತಿ ತೋರ್ಸು. ಸಾಕು."

ಕುದಿನೀರಿನ ಪೈಪು ಬಿಟ್ಟರು. ಹಸಿ ರಕ್ತ, ಕರಗಿದ ಕೊಬ್ಬು, ಬ್ಲೀಚಿಂಗ್ ಪುಡಿ ಎಲ್ಲ ಕಲೆತ ವಾಸನೆ ಮೂಗಿಗೆ ಅಡರಿತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹಬೆ ದೀಪವನ್ನೇ ನುಂಗಿತು. ಒಳಗಿನಿಂದ ಕೆರೆಯುವ ಸದ್ದು ಕರ್, ಕರ್ ಎಂದು ಬರುತ್ತಿತ್ತು. ಆಮೇಲೆ ನಿಂತಿತು.

"ಕೈ ತೋರ್ಸೋ."

ಹಬೆಯಲ್ಲಿ ಎರಡು ಕೈಗಳು ಮೇಲೆದ್ದವು. ತೊಯ್ದ, ಮೇಣದಂತೆ ಬಿಳಿಚಿದ ಕೈಗಳು. ಅವಕ್ಕೆ ಕೈಗವಸಿರಲಿಲ್ಲ. ಅದು ಹೊಳೆಯುವಷ್ಟರಲ್ಲಿ ಆಪರೇಟರ್ ಗುಂಡಿ ಒತ್ತಿಯಾಗಿತ್ತು.

"ಅಣ್ಣಾ!"

ಎಲುಬು ಮುರಿದ ಸದ್ದು ಹಸಿಕಟ್ಟಿಗೆ ಸೀಳಿದಂತೆ ಕೇಳಿಸಿತು. ಅವನು ಕೆಂಪು ಗುಂಡಿ ಗುದ್ದಿದ. ನಿಲ್ಲಲಿಲ್ಲ. ಮೇನ್ ಸ್ವಿಚ್ಚು ಎಳೆದ. ದೀಪ ಆರಿತು. ಸುರುಳಿ ನಿಲ್ಲಲಿಲ್ಲ. ಕರೆಂಟಿಲ್ಲದ ಯಂತ್ರ ನಿಧಾನವಾಗಿ, ರುಚಿ ನೋಡುತ್ತ ತಿರುಗುತ್ತಿತ್ತು. ಅವನು ತಮ್ಮನ ಸೊಂಟ ಹಿಡಿದು ಜಗ್ಗಿದ. ಯಂತ್ರದ ಗಂಟಲಿನಿಂದ ಬಿಸಿ ರಕ್ತ ಮುಖಕ್ಕೆ ರಾಚಿತು. ಮೂರು ಬೆರಳು ಹೋದವು. ಮಣಿಕಟ್ಟು ಒಳಗೆ ಜಾರುತ್ತಿತ್ತು.

ಕತ್ತಲಲ್ಲಿ ಅಕ್ಕ ಕೂಗಿದಳು. "ಆ ಯಂತ್ರಕ್ಕೆ ಅವನು ಬೇಡ ಕಣಪ್ಪ. ಗುಂಡಿ ಒತ್ತಿದ ಕೈ ಬೇಕು."

ಆ ಬಿಳಿ ಕೈಗಳು ಕತ್ತಲಲ್ಲೂ ಕಾಣುತ್ತಿದ್ದವು. ಎರಡೂ ಅಣ್ಣನ ಬಲಗೈಯತ್ತಲೇ ಚಾಚಿದ್ದವು.

ಅವನು ಕಣ್ಣು ಮುಚ್ಚಲಿಲ್ಲ. ತಮ್ಮನ ತೋಳಿನ ಪಕ್ಕದಲ್ಲೇ ತನ್ನ ತೋಳು ತೂರಿಸಿದ. ಸುರುಳಿ ಒಂದು ಕ್ಷಣ ತಡೆಯಿತು. ತಮ್ಮನನ್ನು ಉಗುಳಿತು. ಇವನನ್ನು ಕಚ್ಚಿತು. ಚರ್ಮ ಸುಲಿಯಿತು. ಮಣಿಕಟ್ಟು ಪುಡಿಯಾಯಿತು. ಮೊಣಕೈ ಬುಡಸಮೇತ ಕಿತ್ತು ಬಂತು. ಆಮೇಲೆ ಯಂತ್ರ ತಾನಾಗಿಯೇ ನಿಂತಿತು.

ಆಸ್ಪತ್ರೆಯಲ್ಲಿ ಅಣ್ಣನಿಗೆ ಎಚ್ಚರವಾದಾಗ ತಮ್ಮ ಮಂಚದ ಪಕ್ಕದಲ್ಲಿದ್ದ. ಅವನ ಬಲಗೈಯಲ್ಲಿ ಎರಡು ಬೆರಳು ಉಳಿದಿದ್ದವು.

"ಮ್ಯಾನೇಜರ್ ಬಂದಿದ್ರು ಅಣ್ಣಾ," ಎಂದ ಅವನು, ಸಮಾಧಾನ ಹೇಳುವವನಂತೆ. "ನಿನ್ನ ಜಾಗ ನನಗೇ ಕೊಡ್ತಾರಂತೆ. ಬರೀ ಗುಂಡಿ ಒತ್ತೋದು. ಅದಕ್ಕೆ ಒಂದು ಬೆರಳು ಸಾಕಲ್ವಾ. ಹೂಂ ಅಂದುಬಿಟ್ಟೆ."

ಅಣ್ಣನ ಬಾಯಿಗೆ ಆಸ್ಪತ್ರೆಯವರು ನಳಿಕೆ ತೂರಿಸಿದ್ದರು. ಬೇಡ ಬೇಡವೆಂದು ಬಲಗೈ ಎತ್ತಿ ಜೋರಾಗಿ ಆಡಿಸಿದ. ಹೊದಿಕೆಯ ಕೆಳಗೆ ಬ್ಯಾಂಡೇಜ್ ಸುತ್ತಿದ ಮೋಟು ತುಸು ಅಲುಗಿತು, ಅಷ್ಟೇ.

"ನೋವಾಗ್ತಿದೆಯಾ?" ಎಂದು ತಮ್ಮ ಹೊದಿಕೆಯನ್ನು ಕತ್ತಿನವರೆಗೆ ಎಳೆದ.