ಮೋನಮ್ಮನ ಸೀಟು

ಬೆಳ್ಳಿಯ ತೂಕಕ್ಕೆ ಹಾಕಿದರೆ ಪದಕದ ಬೆಲೆ ಒಂಬತ್ತು ಸಾವಿರ ರೂಪಾಯಿ. ಗಳಿಸಲು ಯಶೋಧರಾಗೆ ಹಿಡಿದದ್ದು ಅರ್ಧ ಆಯುಷ್ಯ. ಎಫ್‌ಐಆರ್‌ನಲ್ಲಿ ಮೊದಲನೆಯದನ್ನಷ್ಟೇ ಬರೆಯಲು ಬರುತ್ತಿತ್ತು.

ಭಾನುವಾರ ಸಂಜೆ ನಾಲ್ಕಕ್ಕೆ ಗೋಗಿ ಠಾಣೆಗೆ ದೂರು ಬಂತು. ಗೋಗಿಯಲ್ಲಿ ಹುಟ್ಟಿದ ಯಶೋಧರಾ, ಅಪ್ಪನ ಕೆಲಸದ ಹಿಂದೆ ಪುದುಚೇರಿಗೆ ಹೋಗಿ, ಅಲ್ಲಿಯ ಶಾಲೆಯಲ್ಲಿ ಫ್ರೆಂಚ್ ಕಲಿತವರು. ಮೊದಲು ಪತ್ರಿಕೆಗೆ ಕತೆ, ಆಮೇಲೆ ಎರಡು ಸಂಕಲನ, ನಾಲ್ಕು ಕಾದಂಬರಿ, ಎಲ್ಲವೂ ಫ್ರೆಂಚ್‌ನಲ್ಲಿ. ಕೊನೆಯದಕ್ಕೆ ಪ್ಯಾರಿಸ್‌ನಲ್ಲಿ ಬೆಳ್ಳಿ ಪದಕ ಸಿಕ್ಕಿತು. ಊರು ಎದೆಯುಬ್ಬಿಸಿ ಸನ್ಮಾನ ಮಾಡಿತು. ಎಲ್ಲರೂ ಊಟಕ್ಕೆ ಎದ್ದಾಗ ವೇದಿಕೆಯ ಮೇಲಿದ್ದ ಪದಕ ಕಾಣೆ.

ಇನ್‌ಸ್ಪೆಕ್ಟರ್ ಮಲ್ಲೇಶ್ವರಿ ಪಂಚರ ಎದುರು ಪಂಚನಾಮೆ ಬರೆಸಿದರು. ವೇದಿಕೆಯ ಬಿಳಿ ಹಾಸಿನ ತುಂಬ ಬೂಟಿನ ಗುರುತು. ನಡುವೆ ಒಬ್ಬರದು ಮಾತ್ರ ಬರಿಗಾಲು.

"ಕಳ್ಳ ಚಪ್ಲಿ ಬಿಟ್ಟು ಬರ್ತಾನೇನ್ರಿ ಮೇಡಂ? ಓಡೋದ್ಹೆಂಗ?" ಹೆಡ್ ಕಾನ್ಸ್‌ಟೇಬಲ್ ಶಾಂತಪ್ಪ ನಕ್ಕರು.

"ಗುಡಿಗಿ ಬಂದಂಗ ಬಂದವ್ರು ಬಿಡ್ತಾರ. ನಡೀರಿ, ಆಟೋ ಸ್ಟ್ಯಾಂಡಿಗಿ."

ಆಟೋದ ಮುಷರಫನಿಗೆ ಒಂದು ಸವಾರಿ ನೆನಪಿತ್ತು. "ಸಾಬಣ್ಣ ಕಾಕಾ ಬರಿಗಾಲಾಗ ಬಂದ್ರಿ. ಶಹಾಪುರಕ್ಕ ಎರಡು ಸೀಟಿನ ದುಡ್ಡು ಕೊಟ್ಟ. ಬಾಜೂಕ ಚೀಲ ಇಟ್ಟು, 'ಇಲ್ಲಿ ನಮ್ಮ ಮೋನಿ ಕುಂದರ್ತಾಳ' ಅಂದ. ಆಕಿ ಅವನ ಹೆಂಡ್ತಿ, ಸತ್ತು ವರ್ಷಾತು. ತಲಿ ಕೆಟ್ಟದ ಅನ್ಕೊಂಡೆ."

ಠಾಣೆಯಲ್ಲಿ ಆ ಹೆಸರು ಕೇಳಿದ್ದೇ ಯಶೋಧರಾ ಮಲ್ಲೇಶ್ವರಿಯ ಎದುರು ಬಂದು ನಿಂತರು. "ಬಾಜೂ ಮನಿ ಮೋನವ್ವ. ಹತ್ತಿ ಬಿಡಿಸ್ಕೋತ ಆಕಿ ಹೇಳಿದ ಕತಿಗಳೇ ನನ್ನ ಪುಸ್ತಕ. ಕೇಸು ಬ್ಯಾಡ್ರಿ."

"ದಾಖಲಾಗ್ಯಾದ್ರಿ. ಇನ್ನ ಕೋರ್ಟಿನಾಗೇ ಬಗೆಹರೀಬೇಕು."

ಶಹಾಪುರದಲ್ಲಿ ಬಸ್ ಹಿಡಿದಿದ್ದ ಸಾಬಣ್ಣ ರಾತ್ರಿ ಸುರಪುರದ ಮಗಳ ಮನೆಯಲ್ಲಿ ಸಿಕ್ಕ. ಹೆಂಡತಿಯ ಫೋಟೋದ ಮುಂದೆ ಹೋಳಿಗೆಯ ಎಡೆ, ಪಕ್ಕದಲ್ಲಿ ಪದಕ.

"ಯಾಕ್ ತಗೊಂಡಿ, ಕಾಕಾ?"

"ಹೊಸಾ ಸೀರಿ ಬಂದ್ರೂ ಮೊದಲ ಸತ್ತ ಹಿರೇರ ಮುಂದಿಟ್ಟು, ಆಮ್ಯಾಲ ಉಡ್ತೀವಲ್ಲವ್ವ. ಇದನ್ನ ಆಕಿಗಿ ತೋರಿಸಬೇಕಾಗಿತ್ತು. ನಾಳಿ ತಿರುಗಿ ಒಯ್ಯಾಂವ ಇದ್ದೆ."

"ಕೇಳಿದ್ರ ಯಶೋಧರಾ ಕೊಡ್ತಿದ್ದಿಲ್ಲೇನು?"

"ಸುತ್ತ ಸಾಹೇಬ್ರು ನಿಂತಿದ್ರು. ಹತ್ರ ಬಿಟ್ಟವ್ರ್ಯಾರು?"

ಎಡೆ ಮುಗಿಯುವ ತನಕ ಮಲ್ಲೇಶ್ವರಿ ಹೊರಗೆ ನಿಂತರು. ಆಮೇಲೆ ದಸ್ತಗಿರಿ ಮಾಡಿದರು.

ಮರುದಿನ ಕೋರ್ಟಿನಲ್ಲಿ ಸಾಬಣ್ಣನ ಜಾಮೀನಿಗೆ ನಿಂತವರು ಫಿರ್ಯಾದಿ ಯಶೋಧರಾ ಅವರೇ. ಪದಕ ಮುದ್ದೆಮಾಲಾಗಿ ಕೋರ್ಟಿನ ವಶದಲ್ಲಿದೆ. ಅದಕ್ಕೆ ಹತ್ತಿದ ಕುಂಕುಮ ಒರೆಸಬಾರದೆಂದು ಅವರು ಅರ್ಜಿ ಕೊಟ್ಟಿದ್ದಾರೆ.

ಸಾಬಣ್ಣನ ಮೇಲೆ ಒಂದು ಕೇಸು ಬಿತ್ತು. ಮೋನಮ್ಮನ ಪದಕ ಮೋನಮ್ಮನ ಮುಂದೆ ಒಂದು ಎಡೆಯ ಹೊತ್ತು ಇತ್ತು.