ಐದನೇ ಕೇಸರ

"ಮುಟ್ಟಬೇಡಿ! ಕೈ ತೆಗೀರಿ ಮೊದ್ಲು!"

ಬೆನ್ನ ಹಿಂದಿನಿಂದ ಬಂದ ಕೂಗಿಗೆ ಅವಳ ಕೈಯಲ್ಲಿದ್ದ ಭೂತಗನ್ನಡಿ ಜಾರಿ ಬಂಡೆಯ ಮೇಲೆ ಉರುಳಿತು.

ಒಂದೆಲೆಯೂ ಉಳಿಯದ ಒಣಗಿದ ಕುರುಚಲು ಕಾಡು. ಬಂಡೆಗಳ ಸಂದಿಯಲ್ಲಿ ಮೊಣಕಾಲೆತ್ತರದ ಒಂದು ಪೊದೆ, ಅದರ ಬೋಳು ರೆಂಬೆಗಳ ತುಂಬ ಉಗುರಿನಷ್ಟಷ್ಟೇ ಇರುವ ಹಳದಿ ಹೂಗಳು. ತಿರುಗಿ ನೋಡಿದರೆ, ಹೆಗಲಿಗೆ ಚೀಲ ಹಾಕಿ, ಕತ್ತರಿ ಹಿಡಿದು, ಅವಳನ್ನೇ ದುರುಗುಟ್ಟಿ ನೋಡುತ್ತ ನಿಂತ ಉದ್ದನೆಯ ಮನುಷ್ಯ.

"ಇಡೀ ಕಾಡಲ್ಲಿ ಇಂಥದ್ದು ಏಳೇ ಪೊದೆ ಇರೋದು. ಮೊಗ್ಗು ಉದುರಿದ್ರೆ ಬೀಜ ಎಲ್ಲಿಂದ ಬರಬೇಕು? ಯಾರು ನೀವು?"

"ಈ ಹೂವಿನ ಚಿತ್ರ ಬರೆಯೋಕೆ ನೀವೇ ಪತ್ರ ಹಾಕಿ ಕರೆಸ್ಕೊಂಡ ಚಿತ್ರಗಾರ್ತಿ!" ಅವಳೂ ಬಿಡಲಿಲ್ಲ. "ಬೆಳಕು ಹರಿಯೋ ಹೊತ್ತಿಗೇ ಬಂದು ಕೂತಿದೀನಿ. ಹೂ ಬರೆದು ಮುಗಿಸಿ ಈಗ ರೆಂಬೆ ನೋಡ್ತಿದ್ದೆ. ನೀವು ಬರ್ತಿರೋದು ಹತ್ತು ಗಂಟೆಗೆ!"

ಸಸ್ಯತಜ್ಞನ ಮುಖ ಸಣ್ಣದಾಯಿತು.

"ಇಬ್ಬನಿ ಆರೋ ತನಕ ನಾವು ಹೂ ಕೀಳಲ್ಲ. ಒದ್ದೆ ಹೂ ಒತ್ತಿಟ್ರೆ ಬೂಷ್ಟು ಹಿಡಿಯುತ್ತೆ," ಎಂದ. ಕ್ಷಮಿಸಿ ಎನ್ನಬೇಕಾದ ಕಡೆ ಪಾಠ ಹೇಳುವವರಲ್ಲಿ ಇವನೂ ಒಬ್ಬ! ಆದರೆ ಹಾಗೆ ಹೇಳುತ್ತಲೇ ಬಗ್ಗಿ ಭೂತಗನ್ನಡಿ ಎತ್ತಿಕೊಂಡು, ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ಒರೆಸಿ ಅವಳ ಕೈಗಿಟ್ಟ.

ಅವಳ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಇಳಿದದ್ದನ್ನು ತೋರಿಸಿಕೊಳ್ಳಲಿಲ್ಲ, ಅಷ್ಟೇ.

ಆಮೇಲಿನ ಒಂದೂವರೆ ತಿಂಗಳು ಇಬ್ಬರದೂ ಒಂದೇ ಮೇಜು. ಒಣಗಿಸಿದ ಗಿಡಗಳ ಸಂಗ್ರಹಾಲಯದ ಮೇಲಿನ ಕೋಣೆ, ಕಬ್ಬಿಣದ ಕಪಾಟುಗಳು, ನುಸಿಗುಳಿಗೆಯ ವಾಸನೆ. ಅವನು ಒತ್ತಿಟ್ಟ ಹೂಗಳನ್ನು ಬಿಸಿನೀರಲ್ಲಿ ನೆನೆಸಿ ಒಂದೊಂದೇ ಭಾಗ ಬಿಡಿಸಿ ಅಳೆಯುತ್ತಿದ್ದ. ಎಸಳಿನ ಉದ್ದ, ರೋಮದ ಬಣ್ಣ ಎಲ್ಲವನ್ನೂ ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುತ್ತಿದ್ದ. ಅವಳು ಕಾಡಿನಲ್ಲಿ ಮಾಡಿಕೊಂಡ ಪೆನ್ಸಿಲ್ ಚಿತ್ರವನ್ನು ಎದುರಿಗಿಟ್ಟುಕೊಂಡು ಮಸಿಯಲ್ಲಿ ತಿದ್ದುತ್ತಿದ್ದಳು. ಅವನ ಲ್ಯಾಟಿನ್ ಅವಳಿಗೆ ತಿಳಿಯದು, ಮುಗಿಯದ ಚಿತ್ರ ತೋರಿಸುವ ಅಭ್ಯಾಸ ಅವಳಿಗಿಲ್ಲ.

ಮಾತು ಕಡಿಮೆ. ಆದರೆ ಮೂರನೇ ದಿನ ಅವಳು ಬಂದು ಕೂರುವಷ್ಟರಲ್ಲಿ ಮೇಜಿನ ದೀಪ ಬಲದಿಂದ ಎಡಕ್ಕೆ ಬಂದಿತ್ತು.

"ಬರೆಯೋವಾಗ ನಿಮ್ಮ ಕೈಯ ನೆರಳು ಕಾಗದದ ಮೇಲೆ ಬೀಳ್ತಿತ್ತು," ಎಂದ, ತಲೆ ಎತ್ತದೆ.

'ಇವನು ಗಿಡ ಮಾತ್ರ ನೋಡಲ್ಲ ಹಾಗಾದರೆ...' ಅವಳ ಕಿವಿ ಬಿಸಿಯಾಯಿತು.

ಮನೆಯಲ್ಲಿ ಅಕ್ಕನಿಗೆ ಇಷ್ಟು ಸಾಕಾಗಿತ್ತು. ಕೆಳಗೆ ಅಕ್ಕನ ಹೊಲಿಗೆ ಅಂಗಡಿ, ಮೇಲೆ ತಂಗಿಯ ಕೋಣೆ. ಇವಳು ಬಂದು ಹೇಳಿದ ಚೂರುಪಾರು ವರದಿ ಕೇಳಿ ಅಕ್ಕ ಅವನಿಗೊಂದು ಹೆಸರಿಟ್ಟಳು: ಒಣಹುಲ್ಲು.

"ನಿನ್ನ ಒಣಹುಲ್ಲು ಇವತ್ತು ಎಷ್ಟು ಮಾತಾಡ್ತು?"

"ಏಳು."

"ಎಣಿಸ್ತೀಯಾ? ಸರಿಹೋಯ್ತು! ಇನ್ನೇನು ಉಳೀತು?"

ಚಿತ್ರ ಮುಗಿಸಿಕೊಟ್ಟ ಹತ್ತು ದಿನಕ್ಕೆ ಅವಳು ಏನೋ ನೆಪ ಮಾಡಿಕೊಂಡು ಸಂಗ್ರಹಾಲಯಕ್ಕೆ ಹೋದಳು. ನಿಜ ಹೇಳಬೇಕೆಂದರೆ ಅವನನ್ನು ನೋಡುವುದೇ ಕೆಲಸವಾಗಿತ್ತು. ಮೇಜಿನ ಮೇಲೆ ಅವಳ ಚಿತ್ರ ಹರಡಿತ್ತು. ಪ್ರೀತಿಯಿಂದ ಬಗ್ಗಿ ನೋಡಿದಳು...

ಹೂವಿನ ನಡುವೆ, ಪರಾಗ ಹೊತ್ತು ನಿಲ್ಲುವ ಕೇಸರಗಳ ಸಾಲಿನಲ್ಲಿ, ಒಂದು ಜಾಗ ಒರಟಾಗಿತ್ತು. ಬ್ಲೇಡಿನಿಂದ ಮಸಿ ಹೆರೆದು ತೆಗೆದ ಗುರುತು!

"ಏನಿದು?"

"ಅದಾ... ಐದು ಕೇಸರ ಬರೆದಿದ್ರಿ. ಇರೋದು ನಾಲ್ಕೇ. ಇದರ ಹತ್ತಿರದ ನೆಂಟ ಇನ್ನೊಂದು ಗಿಡ ಇದೆ, ಅದಕ್ಕೆ ಐದು. ಅದರ ಚಿತ್ರ ಎಲ್ಲೋ ನೋಡಿ ಗೊಂದಲ ಆಗಿರಬೇಕು. ನನ್ನ ಲೇಖನಕ್ಕೆ ಪತ್ರಿಕೆಯೋರು ಅವಸರ ಮಾಡ್ತಿದ್ರು, ಅದಕ್ಕೆ ನಾನೇ..."

"ನಾನು ಕಂಡಿದ್ದು ಐದು."

"ಹನ್ನೊಂದು ಹೂ ಬಿಡಿಸಿ ನೋಡಿದೀನಿ. ಹನ್ನೊಂದರಲ್ಲೂ ನಾಲ್ಕೇ. ನಾಲ್ಕು ಇರೋದ್ರಿಂದಲೇ ಇದು ಹೊಸ ಜಾತಿಯ ಗಿಡ. ಐದಿದ್ರೆ ಹಳೇದೇ!"

"ಮೊಗ್ಗು ಬಿಡಿಸಿ ನೋಡಿದ್ರಾ?"

"ಏಳು ಪೊದೆಯಲ್ಲಿ ಮೊಗ್ಗು ಕೀಳೋಕೆ ಮನಸ್ಸಾಗಲಿಲ್ಲ. ಈಗ ಹೂವಿನ ಕಾಲವೂ ಮುಗೀತು."

ಮೇಜಿನ ಮೇಲೆ ಸಾಲಾಗಿ ಹನ್ನೊಂದು ಹೂಗಳ ಸಾಕ್ಷಿ. ಇತ್ತ ಇವಳೊಬ್ಬಳು.

"ಒಂದು ಮಾತು ಕೇಳಬಹುದಿತ್ತಲ್ಲ ನನ್ನ? ನನಗಿರೋದು ಇದೊಂದೇ ಆಸ್ತಿ, ಈ ಕಣ್ಣು. ನೀವು ಅದಕ್ಕೇ ಬ್ಲೇಡು ಹಾಕಿದ್ರಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ಸಿಟ್ಟು ಬಂದರೆ ಒಂದು ದಿನ ಇಳಿಯುತ್ತದೆ. ಅನುಮಾನ ಹೊಕ್ಕರೆ ಕಷ್ಟ! ವಾರ ಕಳೆಯುವಷ್ಟರಲ್ಲಿ ಅವಳಿಗೆ ತನ್ನ ಮೇಲೇ ಅನುಮಾನ ಬಂತು. 'ನಿಜವಾಗಿಯೂ ಐದಿತ್ತೇ? ಅಥವಾ ಕಂಡಂತೆ ಅನಿಸಿತೇ?' ಬಂದ ಎರಡು ಕೆಲಸ ವಾಪಸು ಕಳಿಸಿದಳು. ಮಸಿ ಬಾಟಲಿಯ ಮುಚ್ಚಳ ತಿರುಗದಷ್ಟು ಗಟ್ಟಿಯಾಯಿತು. ಹಗಲೆಲ್ಲ ಅಕ್ಕನ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚಿದಳು.

"ಆರು ಗುಂಡಿ ಕೊಡು ಅಂದ್ರೆ ಮೂರು ಸಲ ಎಣಿಸ್ತೀಯಲ್ಲೇ!"

"ತಪ್ಪಿಬಿಟ್ರೆ?"

ಅಕ್ಕ ಹೊಲಿಗೆಯಂತ್ರ ನಿಲ್ಲಿಸಿ ತಂಗಿಯ ಮುಖ ನೋಡಿದಳು. ಅಕ್ಕನ ಕಣ್ಣು ತುಂಬಿ ಬಂದಿತ್ತು.

ಹೀಗೇ ಹತ್ತಿರ ಹತ್ತಿರ ಒಂದು ವರ್ಷ.

ಒಂದು ಮಧ್ಯಾಹ್ನ ಅಕ್ಕ ಬಾಗಿಲಿಂದಲೇ ಕೂಗಿದಳು. "ಲೇ, ನಿನ್ನ ಒಣಹುಲ್ಲು ಬಂದಿದೆ!"

ಒಣಹುಲ್ಲು ಅಕ್ಕನ ಬೆನ್ನ ಹಿಂದೆಯೇ ನಿಂತಿತ್ತು. ಅಕ್ಕ ನಾಲಿಗೆ ಕಚ್ಚಿಕೊಂಡಳು. ಅವನು ಬೇಸರಿಸಲಿಲ್ಲ, ಕಂಕುಳಿನ ರಟ್ಟಿನ ಕೊಳವೆಯಿಂದ ಆ ಹಳೆಯ ಚಿತ್ರ ತೆಗೆದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿದ.

"ಲೇಖನ ಅಚ್ಚಾಗಿಲ್ಲ. ನಾನೇ ವಾಪಸ್ ತಗೊಂಡೆ."

"ಯಾಕೆ?"

"ನೀವು ಹೋದ ಮೇಲೆ ಹನ್ನೊಂದು ಹೂಗಳನ್ನೂ ಮತ್ತೆ ನೋಡ್ದೆ. ನಾಲ್ಕು ಕೇಸರದ ಪಕ್ಕ, ಖಾಲಿ ಜಾಗದಲ್ಲಿ, ಕೂದಲೆಳೆಯಷ್ಟು ಒಂದು ಕಲೆ. ಹನ್ನೊಂದರಲ್ಲೂ! ಮೊದಲು ಎಸಳಿನ ನರ ಅಂದ್ಕೊಂಡಿದ್ದೆ... ಏನೋ ಇದ್ದು ಬಿದ್ದುಹೋದ ಗಾಯ ಇರಬಹುದು."

"ಅವತ್ತೇ ಬಂದು ಹೇಳಬಹುದಿತ್ತು."

"'ಇರಬಹುದು' ಅನ್ನೋ ಮಾತು ಹಿಡ್ಕೊಂಡು ನಿಮ್ಮೆದುರು ನಿಲ್ಲೋಕೆ ಮುಖ ಇರ್ಲಿಲ್ಲ. ಹೂ ಬಿಡೋ ಕಾಲಕ್ಕೆ ಕಾದೆ. ಕಾಯಬಾರದಿತ್ತು, ಗೊತ್ತು. ನೀವು ಬರೆಯೋದು ಬಿಟ್ಟಿದೀರಿ ಅಂತ ಮೊನ್ನೆ ಕೇಳಿದ ಮೇಲೆ ಸರಿಯಾಗಿ ಊಟ ಸೇರಿಲ್ಲ."

ಅವಳು ಮೆಲ್ಲಗೆ ಕೇಳಿದಳು. "ಐದಿದ್ರೆ ನಿಮ್ಮ ಹೊಸ ಗಿಡ ಹೋಯ್ತಲ್ಲ?"

"ಹೋಗ್ಲಿ."

"ನಾಲ್ಕೇ ಇದ್ರೆ... ನನ್ನ ಕಣ್ಣು ಹೋಯ್ತು."

"ಮೊಗ್ಗು ದಪ್ಪ ಆಗಿದೆ. ನಾಳೆ ಬೆಳಗ್ಗೆ ಅರಳುತ್ತೆ. ನಾನು ಒಂದನ್ನೂ ಬಿಡಿಸಿ ನೋಡಿಲ್ಲ. ನೀವಿಲ್ಲದೆ ನೋಡಲ್ಲ," ಎಂದಷ್ಟೇ ಹೇಳಿದ.

ಅವಳು ತಟ್ಟನೆ ಎದ್ದಳು. ಮಡಿಲಲ್ಲಿದ್ದ ಗುಂಡಿಗಳೆಲ್ಲ ನೆಲಕ್ಕೆ ಚೆಲ್ಲಿದವು.

"ಹೋಗೇ!" ಅಕ್ಕ ಗದರಿದಳು. "ಐದೋ ನಾಲ್ಕೋ, ಈ ಎಣಿಸೋದಾದ್ರೂ ನಿಲ್ಲುತ್ತೆ!"

ಮರುದಿನ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಅದೇ ಪೊದೆಯ ಮುಂದೆ ಮೊಣಕಾಲೂರಿ ಕೂತಿದ್ದರು. ಅವಳು ಪೊದೆಯ ಬುಡಕ್ಕೆ ಬಿಳಿ ಕಾಗದ ಹಾಸಿದಳು. ಬಂಡೆಗಳು ಇನ್ನೂ ತಣ್ಣಗಿದ್ದವು. ರೆಂಬೆಯ ಮೇಲೆಲ್ಲ ಇಬ್ಬನಿ.

ಮೊಗ್ಗು ಬಿರಿಯತೊಡಗಿತು. ಒಂದು ಎಸಳು ಸಡಿಲವಾಯಿತು, ಇನ್ನೊಂದು...

ಅವಳು ಕಣ್ಣು ಮುಚ್ಚಿಬಿಟ್ಟಳು. "ನನಗಾಗಲ್ಲ. ನೀವೇ ಎಣಿಸಿ."

ಅವನು ಭೂತಗನ್ನಡಿ ಹಿಡಿದು ಬಗ್ಗಿದ.

"ಒಂದು... ಎರಡು... ಮೂರು... ನಾಲ್ಕು..."

ಮಾತು ನಿಂತಿತು. ಅವಳು ವರ್ಷವಿಡೀ ಹೊತ್ತ ಭಾರವೆಲ್ಲ ಆ ಒಂದು ಕ್ಷಣದಲ್ಲಿ ಎದೆಯ ಮೇಲೆ ಕೂತಿತು.

"ಐದು," ಎಂದ. ಅವನ ದನಿ ಒಡೆದಿತ್ತು. "ಐದು! ನೋಡಿ... ದಯವಿಟ್ಟು ನೋಡಿ!"

ನೋಡಿದಳು. ಐದನೆಯದು ಉಳಿದವಕ್ಕಿಂತ ತುಸು ಗಿಡ್ಡ. ಅವಳು ಬರೆದಿದ್ದಂತೆಯೇ, ಅದೇ ಜಾಗದಲ್ಲಿ! ಅಳು ಒತ್ತರಿಸಿ ಬಂತು. ತಡೆಯಲಿಲ್ಲ, ಅತ್ತುಬಿಟ್ಟಳು.

ಬಿಸಿಲು ಬಂಡೆ ಹತ್ತಿ ಪೊದೆಗೆ ತಗುಲಿತು. ಇಬ್ಬನಿ ಆರಿತು. ಇನ್ನೂ ಅರ್ಧ ಗಂಟೆ ಕಳೆದಿರಲಿಲ್ಲ, ಐದನೇ ಕೇಸರ ಬುಡದಲ್ಲಿ ಕಂದಿ, ಬಾಗಿ, ಕಳಚಿ, ಬಿಳಿ ಕಾಗದದ ಮೇಲೆ ಬಿತ್ತು.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಇಬ್ಬನಿ ಆರೋ ತನಕ ಹೂ ಕೀಳಲ್ಲ, ಅಲ್ವಾ?" ಎಂದಳು ಕಣ್ಣೊರೆಸಿಕೊಳ್ಳುತ್ತ.

"ಅದಕ್ಕೇ ನಮಗೆ ಯಾರಿಗೂ ಸಿಗಲಿಲ್ಲ..." ಅವನು ಮೆಲ್ಲಗೆ ನಗತೊಡಗಿದ. "ಆ ನೆಂಟ ಗಿಡ ಹೀಗೆ ಉದುರಿಸಲ್ಲ. ಅದರ ಐದು ಕೇಸರವೂ ಹೂ ಬಾಡೋ ತನಕ ಇರುತ್ತೆ. ಇದು ಹೊಸದೇ! ನೀವು ಕಂಡಿದ್ದರಿಂದಲೇ ಹೊಸದು. ಲೇಖನದಲ್ಲಿ ಹಾಗಂತಲೇ ಬರೀತೀನಿ, ನನ್ನ ತಪ್ಪನ್ನೂ ಸೇರಿಸಿ."

ಅವಳು ಕೊಳವೆಯಿಂದ ಹಳೆಯ ಚಿತ್ರ ತೆಗೆದು ಹರಡಿದಳು. ಹೆರೆದ ಜಾಗದಲ್ಲಿ ಮಸಿ ಹರಡುತ್ತದೆ, ಅಲ್ಲಿ ಇನ್ನು ಬರೆಯಲಾಗದು. ಯೋಚಿಸಿ, ಪೆನ್ಸಿಲ್ ಹಿಡಿದು ಹೂವಿನ ಕೆಳಗೆ, ಆಗಷ್ಟೇ ಉದುರಿದಂತೆ, ಐದನೆಯದನ್ನು ಬರೆದಳು. ವರ್ಷದ ನಂತರ ಮೊದಲ ಗೆರೆ.

ಅವನು ಅದನ್ನೇ ನೋಡುತ್ತಿದ್ದ.

"ಮೇಜಿನ ದೀಪ ಈಗಲೂ ಎಡಕ್ಕೇ ಇದೆ," ಎಂದ. "ಬಲಕ್ಕಿಡೋಕೆ ಮನಸ್ಸು ಬರ್ಲಿಲ್ಲ. ನನಗೆ ಮಾತು ಬರಲ್ಲ... ನೀವಂದ್ರೆ ಇಷ್ಟ. ತುಂಬಾ ಇಷ್ಟ. ಅವತ್ತು ಭೂತಗನ್ನಡಿ ಒರೆಸಿ ಕೊಟ್ಟಾಗಿಂದ."

ಅವಳು ಬೆರಳು ಮಡಚುತ್ತಿದ್ದಳು.

"ಏನು ಎಣಿಸ್ತಿದೀರಿ?"

"ನಿಮ್ಮ ಮಾತು. ಇವತ್ತು ಏಳಕ್ಕಿಂತ ಜಾಸ್ತಿ ಆಯ್ತು. ಅಕ್ಕನಿಗೆ ಹೇಳ್ಬೇಕು."

"ಉತ್ತರ?"

ಅವಳು ಭೂತಗನ್ನಡಿ ತೆಗೆದು, ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ಒರೆಸಿ ಅವನ ಕೈಗಿಟ್ಟಳು. ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇನ್ನೂ ಆರು ಪೊದೆ ನೋಡೋದಿದೆ," ಎಂದಳು. "ಎಣಿಸೋಕೆ ಬರುತ್ತಾ ನಿಮಗೆ?"

"ನಾಲ್ಕರ ತನಕ ಬರುತ್ತೆ," ಎಂದ ಅವನು, ಆ ಕೈ ಬಿಡದೆ. "ಅಲ್ಲಿಂದ ಮುಂದೆ ನೀನು ಹೇಳು."